ಎರಡು ವಿಮಾನಗಳ ನಡುವಿನ ಹೊತ್ತು

ಅಮೆರಿಕದಿಂದ ಬೆಂಗಳೂರಿಗೆ ಬರುವವರನ್ನು ಹಾರಾಟಕ್ಕಿಂತ ಹೆಚ್ಚಾಗಿ ದಣಿಸುವುದು ದಾರಿ ನಡುವಿನ ನಿಲ್ದಾಣದಲ್ಲಿ ಮುಂದಿನ ವಿಮಾನಕ್ಕಾಗಿ ಕಾಯುವ ಹೊತ್ತು. ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟು ನೆಲಮಂಗಲದ ಪಕ್ಕದ ಅರಿಶಿನಕುಂಟೆ ತಲುಪಬೇಕಾದ ಕುಟುಂಬವೊಂದು ದುಬೈ ಮೂಲಕ ಬಂದರೆ, ಮೊದಲ ಹಾರಾಟಕ್ಕೆ ಸುಮಾರು 16 ಗಂಟೆ, ಎರಡನೆಯದಕ್ಕೆ ಸುಮಾರು 4 ಗಂಟೆ ಹಿಡಿಯುತ್ತದೆ. ನಡುವೆ ಮೂರು ಗಂಟೆಯೂ ಕಾಯಬೇಕಾಗಬಹುದು, ಹತ್ತು ಗಂಟೆಯೂ ಕಾಯಬೇಕಾಗಬಹುದು. ಹೊರಡುವ ಮುನ್ನ ಮೂರು ಗಂಟೆ ಮೊದಲೇ ನಿಲ್ದಾಣದಲ್ಲಿರಬೇಕು. ಇಳಿದ ಮೇಲೆ ಇಮಿಗ್ರೇಷನ್, ಲಗೇಜ್, ಕಸ್ಟಮ್ಸ್, ಆಮೇಲೆ ದೇವನಹಳ್ಳಿಯಿಂದ ಮನೆಯವರೆಗಿನ ರಸ್ತೆ. ಮನೆ ಬಾಗಿಲಿನಿಂದ ಮನೆ ಬಾಗಿಲಿಗೆ 30 ಗಂಟೆ ದಾಟುವುದು ಸಾಮಾನ್ಯ. ಗಡಿಯಾರದ ವ್ಯತ್ಯಾಸವೂ ಸೇರಿ, ಶುಕ್ರವಾರ ಸಂಜೆ ಹೊರಟವರು ಊರು ಸೇರುವಷ್ಟರಲ್ಲಿ ಭಾನುವಾರ ಬೆಳಗಾಗಿರುತ್ತದೆ.

ಈ ದಾರಿಯಲ್ಲಿ ಓಡಾಡುವವರು ಸಾಫ್ಟ್‌ವೇರ್ ಉದ್ಯೋಗಿಗಳಷ್ಟೇ ಅಲ್ಲ. ಮಗಳ ಅಥವಾ ಸೊಸೆಯ ಬಾಣಂತನಕ್ಕೆಂದು ಹೋಗಿ ಆರು ತಿಂಗಳೊಳಗೆ ಹಿಂದಿರುಗುವ ತಂದೆತಾಯಂದಿರು ಈಗ ಕರ್ನಾಟಕದ ಸಣ್ಣ ಊರುಗಳಲ್ಲೂ ಇದ್ದಾರೆ. ಕಾಯುವಿಕೆಯ ಭಾರ ಹೆಚ್ಚು ಬೀಳುವುದು ಇವರ ಮೇಲೆ. ಆ ಭಾರ ಎಷ್ಟಿರಬೇಕು ಎಂಬುದು ಬಹುಮಟ್ಟಿಗೆ ಟಿಕೆಟ್ ಕೊಳ್ಳುವ ದಿನವೇ ತೀರ್ಮಾನವಾಗಿಬಿಡುತ್ತದೆ. ಆದ್ದರಿಂದ ನಡುದಾರಿಯ ನಿಲುಗಡೆ ಏಕೆ ಬರುತ್ತದೆ, ಹೇಗೆ ನಡೆಯುತ್ತದೆ ಎಂಬುದು ಪ್ರಯಾಣಿಕರಿಗೂ ಅವರನ್ನು ಕಳಿಸಿಕೊಡುವ ಮಕ್ಕಳಿಗೂ ತಿಳಿದಿರಬೇಕು.

ಮುಂಬೈ ದಾರಿಯಿಂದ ದೇವನಹಳ್ಳಿಗೆ

ನಿಂತು ನಿಂತು ಹಾರುವುದು ವಿಮಾನಯಾನದ ಹಳೆಯ ಕ್ರಮ. 1948ರ ಜೂನ್ 8ರಂದು ಏರ್ ಇಂಡಿಯಾ ಇಂಟರ್‌ನ್ಯಾಷನಲ್‌ನ 'ಮಲಬಾರ್ ಪ್ರಿನ್ಸೆಸ್' ಮುಂಬೈಯಿಂದ ಲಂಡನ್ನಿಗೆ ಹೊರಟಾಗ ಕೈರೊ ಮತ್ತು ಜಿನೀವಾದಲ್ಲಿ ಇಳಿದು ಏರಿತ್ತು. ಅಟ್ಲಾಂಟಿಕ್ ದಾಟುವ ವಿಮಾನಗಳು ಇಂಧನಕ್ಕೆಂದು ಐರ್ಲೆಂಡಿನ ಶ್ಯಾನನ್‌ನಲ್ಲಿ ನಿಲ್ಲುತ್ತಿದ್ದವು. ಹಾಗೆ ನಿಂತವರಿಗಾಗಿಯೇ 1947ರಲ್ಲಿ ಅಲ್ಲಿ ಜಗತ್ತಿನ ಮೊದಲ ಡ್ಯೂಟಿ ಫ್ರೀ ಅಂಗಡಿ ತೆರೆಯಿತು. 1960ರಲ್ಲಿ ಬೋಯಿಂಗ್ 707 ಜೆಟ್‌ಗಳೊಂದಿಗೆ ಏರ್ ಇಂಡಿಯಾ ನ್ಯೂಯಾರ್ಕ್ ಮುಟ್ಟಿತು. ಆಗಲೂ ದಾರಿಯಲ್ಲಿ ನಿಲುಗಡೆಗಳಿದ್ದವು.

ಬೆಂಗಳೂರಿನವರಿಗೆ ಇದರ ಜತೆಗೆ ಇನ್ನೊಂದು ನಿಲುಗಡೆ ಇತ್ತು. ನಗರದ ಹಳೆಯ ಎಚ್‌ಎಎಲ್ ವಿಮಾನ ನಿಲ್ದಾಣದಿಂದ ವಿದೇಶಕ್ಕೆ ನೇರ ವಿಮಾನಗಳು ಬಹಳ ಕಡಿಮೆ ಇದ್ದವು. ಹಾಗಾಗಿ ಅಮೆರಿಕದಿಂದ ಬರುವವರು ಮುಂಬೈಯ ಸಹಾರ್‌ನಲ್ಲಿ ಇಳಿದು, ಪೆಟ್ಟಿಗೆಗಳನ್ನು ಎತ್ತಿಕೊಂಡು ಸಾಂತಾಕ್ರೂಜ್‌ನ ದೇಶೀಯ ಟರ್ಮಿನಲ್‌ಗೆ ಸಾಗಬೇಕಿತ್ತು. ನಡುರಾತ್ರಿ ಇಳಿದು ಬೆಳಗಿನ ಬೆಂಗಳೂರು ವಿಮಾನಕ್ಕೆ ಕಾಯುವುದು ಆ ತಲೆಮಾರಿನ ಪ್ರಯಾಣಿಕರಿಗೆಲ್ಲ ಗೊತ್ತಿದ್ದ ಪಾಡು. ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗಿಬರುವ ಕನ್ನಡದ ಹಿರಿಯರ ಅನುಭವ ಸಾಹಿತ್ಯಕ್ಕೂ ಬಂದಿದೆ. ಗೊರೂರು ರಾಮಸ್ವಾಮಿ ಅಯ್ಯಂಗಾರರ 'ಅಮೆರಿಕಾದಲ್ಲಿ ಗೊರೂರು' ಪ್ರವಾಸ ಕಥನಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು.

ಅರಿಶಿನಕುಂಟೆಗೂ ಹೊರದೇಶಗಳಿಗೂ ನಂಟು ಹೊಸದೇನಲ್ಲ. ಹರಿಕಥೆ, ಕೀರ್ತನೆಗಳನ್ನು ಅಮೆರಿಕ ಮೊದಲಾದ ದೇಶಗಳಿಗೆ ಒಯ್ದ ಸಂತ ಭದ್ರಗಿರಿ ಕೇಶವದಾಸರು ಸ್ಥಾಪಿಸಿದ ವಿಶ್ವಶಾಂತಿ ಆಶ್ರಮ ಇರುವುದು ಇದೇ ಊರಿನಲ್ಲಿ, ತುಮಕೂರು ರಸ್ತೆಯ ಬದಿಯಲ್ಲಿ. ಹೊರದೇಶದ ಭಕ್ತರು ಈ ಊರಿಗೆ ಬರುತ್ತಿದ್ದ ಕಾಲದಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣವೇ ಇರಲಿಲ್ಲ.

2001ರಲ್ಲಿ ಲುಫ್ತಾನ್ಸಾ ಬೆಂಗಳೂರು–ಫ್ರಾಂಕ್‌ಫರ್ಟ್ ಸೇವೆ ಆರಂಭಿಸಿದ ಮೇಲೆ ಮುಂಬೈಯನ್ನು ಬಿಟ್ಟು ಯುರೋಪಿನ ಮೂಲಕ ಬರುವ ದಾರಿ ತೆರೆಯಿತು. 2008ರ ಮೇ 24ರಂದು ದೇವನಹಳ್ಳಿಯ ನಿಲ್ದಾಣ ಕೆಲಸ ಆರಂಭಿಸಿತು. 2013ರಲ್ಲಿ ಅದಕ್ಕೆ ಕೆಂಪೇಗೌಡರ ಹೆಸರು ಬಂತು. ಒಂದೊಂದಾಗಿ ವಿದೇಶಿ ಸಂಸ್ಥೆಗಳು ಬಂದವು: 2019ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಿಂದ ಕೆಎಲ್‌ಎಂ, 2022ರಲ್ಲಿ ಸಿಡ್ನಿಯಿಂದ ಕ್ವಾಂಟಾಸ್, 2024ರಲ್ಲಿ ಲಂಡನ್‌ನಿಂದ ವರ್ಜಿನ್ ಅಟ್ಲಾಂಟಿಕ್. 2022ರ ಅಕ್ಟೋಬರ್‌ನಿಂದ ಎಮಿರೇಟ್ಸ್‌ನ ಎರಡು ಅಂತಸ್ತಿನ ಎ380 ವಿಮಾನವೂ ಇಲ್ಲಿ ಇಳಿಯತೊಡಗಿತು. ಅಮೆರಿಕದ ಪ್ರಯಾಣಿಕರಿಗೆ ಮೂರು ಹಂತದ ದಾರಿ ಎರಡು ಹಂತಕ್ಕೆ ಇಳಿಯಿತು.

ನೇರವಾಗಿ ಏಕಿಲ್ಲ

ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಬೆಂಗಳೂರಿನ ನಡುವೆ ಆಕಾಶದಲ್ಲಿ ಸುಮಾರು 14,000 ಕಿ.ಮೀ. ಅಂತರ. ಗ್ಲೋಬಿನ ಮೇಲೆ ಎರಡೂ ಊರುಗಳಿಗೆ ದಾರ ಬಿಗಿದು ಹಿಡಿದರೆ ಅದು ಉತ್ತರ ಧ್ರುವದ ಬಳಿ ಹಾದುಹೋಗುತ್ತದೆ, ಏಕೆಂದರೆ ಎರಡೂ ಊರುಗಳು ಭೂಮಿಯ ಹೆಚ್ಚುಕಡಿಮೆ ಎದುರುಬದುರು ಮಗ್ಗುಲಲ್ಲಿವೆ. ಇಷ್ಟು ದೂರ ನಿಲ್ಲದೆ ಹಾರಬಲ್ಲ ವಿಮಾನಗಳ ಮಾದರಿಗಳು ಕೆಲವೇ. ಅವು ಹೊರಡುವಾಗ ಹೊತ್ತ ಇಂಧನದ ತೂಕವೇ ಅಗಾಧ. ಆ ಇಂಧನವನ್ನು ಹೊರಲು ಮತ್ತಷ್ಟು ಇಂಧನ ಉರಿಯುತ್ತದೆ. ಎದುರುಗಾಳಿ ಜೋರಿದ್ದರೆ ಸರಕನ್ನೋ ಪ್ರಯಾಣಿಕರನ್ನೋ ಕಡಿಮೆ ಮಾಡಬೇಕಾಗುತ್ತದೆ. ಹಾಗಾಗಿ ನೇರ ಹಾರಾಟದ ಟಿಕೆಟ್ ದುಬಾರಿ, ಲಾಭ ತೆಳು.

ಈ ದಾರಿಯಲ್ಲಿ ದೊಡ್ಡ ಹೆಜ್ಜೆ ಇಟ್ಟದ್ದು ಏರ್ ಇಂಡಿಯಾ. 2021ರ ಜನವರಿ 9ರಂದು ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ ಬೋಯಿಂಗ್ 777 ವಿಮಾನ ಉತ್ತರ ಧ್ರುವ ಪ್ರದೇಶದ ಮೇಲೆ ಹಾದು, ಸುಮಾರು 17 ಗಂಟೆ ಹಾರಿ, 11ರ ನಸುಕಿನಲ್ಲಿ ಬೆಂಗಳೂರಿನಲ್ಲಿ ಇಳಿಯಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ ಕಾಕ್‌ಪಿಟ್‌ನಲ್ಲಿದ್ದ ನಾಲ್ವರೂ ಮಹಿಳೆಯರು. ಆ ಸೇವೆ ನಡುವೆ ನಿಂತು 2022ರ ಡಿಸೆಂಬರ್‌ನಲ್ಲಿ ಮರಳಿ ಆರಂಭವಾಯಿತು. ಅಮೆರಿಕನ್ ಏರ್‌ಲೈನ್ಸ್ ಸಿಯಾಟಲ್‌ನಿಂದಲೂ ಯುನೈಟೆಡ್ ಸ್ಯಾನ್ ಫ್ರಾನ್ಸಿಸ್ಕೊದಿಂದಲೂ ಬೆಂಗಳೂರಿಗೆ ನೇರ ವಿಮಾನ ಘೋಷಿಸಿದ್ದವು. ಎರಡೂ ಹಾರಲಿಲ್ಲ.

ವಾಯುಪ್ರದೇಶದ ರಾಜಕೀಯವೂ ಇದರಲ್ಲಿ ಸೇರಿದೆ. ಉಕ್ರೇನ್ ಯುದ್ಧ ಶುರುವಾದ 2022ರಿಂದ ಅಮೆರಿಕ, ಯುರೋಪಿನ ವಿಮಾನಗಳಿಗೆ ರಷ್ಯಾದ ಆಕಾಶ ಮುಚ್ಚಿದೆ. 2025ರ ಏಪ್ರಿಲ್ ಕೊನೆಯಲ್ಲಿ ಪಾಕಿಸ್ತಾನ ತನ್ನ ವಾಯುಪ್ರದೇಶವನ್ನು ಭಾರತೀಯ ವಿಮಾನಗಳಿಗೆ ಮುಚ್ಚಿದಾಗ, ದೆಹಲಿಯಿಂದ ಉತ್ತರ ಅಮೆರಿಕಕ್ಕೆ ನೇರ ಹೋಗುತ್ತಿದ್ದ ಏರ್ ಇಂಡಿಯಾ ವಿಮಾನಗಳು ಇಂಧನಕ್ಕಾಗಿ ವಿಯೆನ್ನಾದಂಥ ಊರಿನಲ್ಲಿ ಇಳಿಯುವಂತಾಯಿತು.

ನೇರ ಹಾರಾಟವಿಲ್ಲದ ಈ ತೆರಪನ್ನು ತುಂಬಿದವು ದುಬೈ, ದೋಹಾ, ಅಬುಧಾಬಿಯಂಥ ಕೇಂದ್ರ ನಿಲ್ದಾಣಗಳು. ಅವುಗಳ ಕೆಲಸದ ಕ್ರಮ ಹೀಗಿದೆ: ದಿನದ ಕೆಲವು ನಿಗದಿತ ಹೊತ್ತಿನಲ್ಲಿ ಪಶ್ಚಿಮದಿಂದ ಹತ್ತಾರು ವಿಮಾನಗಳು ಒಟ್ಟಿಗೆ ಬಂದಿಳಿಯುತ್ತವೆ. ಎರಡು ಮೂರು ಗಂಟೆಯಲ್ಲಿ ಅದೇ ಪ್ರಯಾಣಿಕರು ಹಂಚಿಹೋಗಿ ಬೆಂಗಳೂರು, ಕೊಚ್ಚಿ, ಢಾಕಾ, ಕೊಲಂಬೊ ಎಂದು ಬೇರೆ ಬೇರೆ ವಿಮಾನ ಹತ್ತುತ್ತಾರೆ. ಒಂದು ಅಲೆ ತಪ್ಪಿದವರು ಮುಂದಿನ ಅಲೆಯವರೆಗೆ ಕಾಯಬೇಕು. ಎಂಟು ಹತ್ತು ಗಂಟೆಯ ನಿಲುಗಡೆ ಹುಟ್ಟುವುದು ಇಲ್ಲಿಂದ. ಬೆಂಗಳೂರಿನಲ್ಲಿ ವಿದೇಶಿ ವಿಮಾನಗಳು ನಡುರಾತ್ರಿ ಮತ್ತು ನಸುಕಿನಲ್ಲಿ ಸಾಲುಗಟ್ಟಿ ಇಳಿಯುವುದಕ್ಕೂ ಹೊರಗಿನ ಆ ವೇಳಾಪಟ್ಟಿಗಳೇ ಬಹುಮಟ್ಟಿಗೆ ಕಾರಣ.

ಒಂದೊಂದು ನಿಲ್ದಾಣದ ಒಂದೊಂದು ಗುಣ

ಕೊಲ್ಲಿಯ ದಾರಿಯಲ್ಲಿ ಮೊದಲ ಹಾರಾಟ ಬಹಳ ಉದ್ದ, ಎರಡನೆಯದು ಗಿಡ್ಡ. ನಿಲ್ದಾಣಗಳು ಹಗಲು ರಾತ್ರಿ ಎಚ್ಚರವಾಗಿರುತ್ತವೆ, ಅಂಗಡಿ ಊಟಕ್ಕೆ ಕೊರತೆಯಿಲ್ಲ. ಆದರೆ ದೀಪದ ಬೆಳಕು, ಪ್ರಕಟಣೆಗಳ ಸದ್ದಿನ ನಡುವೆ ನಿದ್ದೆ ಸುಲಭವಲ್ಲ. 2014ರಲ್ಲಿ ತೆರೆದ ದೋಹಾದ ಹಮದ್ ನಿಲ್ದಾಣದಲ್ಲಿ ಗುಂಪಿನವರು ಮತ್ತೆ ಸೇರಲು ಗುರುತು ಹೇಳಿಕೊಳ್ಳುವುದು ನಡುಮಧ್ಯೆ ಕುಳಿತಿರುವ ದೊಡ್ಡ ಹಳದಿ ಕರಡಿಯನ್ನು.

ಯುರೋಪಿನ ದಾರಿ ಪ್ರಯಾಣವನ್ನು ಹೆಚ್ಚು ಸಮನಾಗಿ ಸೀಳುತ್ತದೆ: ಅಮೆರಿಕದಿಂದ ಎಂಟರಿಂದ ಹನ್ನೊಂದು ಗಂಟೆ, ಅಲ್ಲಿಂದ ಬೆಂಗಳೂರಿಗೆ ಎಂಟೊಂಬತ್ತು ಗಂಟೆ. ಮಂಡಿನೋವು ಇರುವವರಿಗೆ ಇದು ಅನುಕೂಲ. ಆದರೆ ಫ್ರಾಂಕ್‌ಫರ್ಟ್‌ನಲ್ಲಿ ರಾತ್ರಿ 11ರಿಂದ ಬೆಳಗಿನ 5ರವರೆಗೆ ವಿಮಾನ ಹಾರಾಟಕ್ಕೆ ನಿಷೇಧವಿದೆ. ಹಗಲಿನ ವಿಮಾನ ತಪ್ಪಿದರೆ ಮರುದಿನದವರೆಗೂ ಅಲ್ಲೇ ಉಳಿಯಬೇಕಾಗಬಹುದು.

ಅಮೆರಿಕದ ಪಶ್ಚಿಮ ತೀರದವರಿಗೆ ಪೂರ್ವದ ದಾರಿಯೂ ಇದೆ, ಸಿಂಗಪುರ ಅಥವಾ ಟೋಕಿಯೊ ಮೂಲಕ. ಸಿಂಗಪುರದ ಚಾಂಗಿಯಲ್ಲಿ ಚಿಟ್ಟೆಗಳ ತೋಟವಿದೆ. 2019ರಲ್ಲಿ ತೆರೆದ 'ಜುವೆಲ್' ಕಟ್ಟಡದೊಳಗೆ 40 ಮೀಟರ್ ಎತ್ತರದಿಂದ ನೀರು ಧುಮುಕುತ್ತದೆ. ಐದೂವರೆ ಗಂಟೆಗಿಂತ ಹೆಚ್ಚು ಕಾಯಬೇಕಾದವರನ್ನು, ಪ್ರವೇಶದ ಅರ್ಹತೆ ಇದ್ದರೆ, ಉಚಿತವಾಗಿ ನಗರ ನೋಡಲು ಕರೆದೊಯ್ಯುವ ವ್ಯವಸ್ಥೆಯೂ ಅಲ್ಲಿದೆ.

ದೆಹಲಿ, ಮುಂಬೈ ಮೂಲಕ ಬರುವವರಿಗೆ ಬೇರೆ ಕೆಲಸ ಕಾದಿರುತ್ತದೆ. ಭಾರತದ ಮೊದಲ ನಿಲ್ದಾಣದಲ್ಲೇ ಇಮಿಗ್ರೇಷನ್ ಮುಗಿಸಿ, ಸಾಮಾನ್ಯವಾಗಿ ಲಗೇಜನ್ನೂ ಬೆಲ್ಟ್‌ನಿಂದ ಎತ್ತಿಕೊಂಡು ಕಸ್ಟಮ್ಸ್ ದಾಟಿ, ಬೆಂಗಳೂರಿನ ವಿಮಾನಕ್ಕೆ ಮತ್ತೆ ಒಪ್ಪಿಸಬೇಕು. ಎರಡು ಗಂಟೆಯ ಅಂತರ ಕಾಗದದ ಮೇಲೆ ಸಾಕೆನಿಸಿದರೂ ಹಿರಿಯರಿಗೆ ಅದು ಓಟವಾಗುತ್ತದೆ. ಭಾಷೆಯ ತೊಡಕಿಲ್ಲ ಎಂಬುದು ಈ ದಾರಿಯ ದೊಡ್ಡ ಸಮಾಧಾನ.

ಟಿಕೆಟ್‌ನಲ್ಲಿ ನೋಡಬೇಕಾದದ್ದು

ಮೊದಲನೆಯದು, ಎರಡೂ ಹಾರಾಟಗಳು ಒಂದೇ ಪಿಎನ್‌ಆರ್‌ನಲ್ಲಿ ಇವೆಯೇ ಎಂಬುದು. ಒಂದೇ ಟಿಕೆಟ್ ಆಗಿದ್ದರೆ, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದಾಗ ಮುಂದಿನ ವಿಮಾನದಲ್ಲಿ ಸೀಟು ಕೊಡುವುದು ವಿಮಾನ ಸಂಸ್ಥೆಯ ಹೊಣೆ. ಸ್ವಲ್ಪ ಹಣ ಉಳಿಯುತ್ತದೆಂದು ಎರಡು ಬೇರೆ ಬೇರೆ ಟಿಕೆಟ್ ಕೊಂಡರೆ ಎರಡನೆಯ ಸಂಸ್ಥೆಯ ಲೆಕ್ಕದಲ್ಲಿ ಆ ಪ್ರಯಾಣಿಕ ಬರಲೇ ಇಲ್ಲ ಎಂದಷ್ಟೇ. ಹೊಸ ಟಿಕೆಟ್‌ಗೆ ಪೂರ್ತಿ ದುಡ್ಡು ತೆರಬೇಕು. ಲಗೇಜನ್ನು ಹೊರಗೆ ತಂದು ಮತ್ತೆ ಚೆಕ್-ಇನ್ ಮಾಡಬೇಕಾಗಿ ಬಂದರೆ ಆ ದೇಶದ ವೀಸಾ ಕೂಡ ಬೇಕಾಗಬಹುದು.

ಎರಡನೆಯದು ಅಂತರ. ಪ್ರತಿ ನಿಲ್ದಾಣಕ್ಕೂ ವಿಮಾನ ಬದಲಿಸಲು ಬೇಕಾದ ಕನಿಷ್ಠ ಅವಧಿ ನಿಗದಿಯಾಗಿರುತ್ತದೆ; ಫ್ರಾಂಕ್‌ಫರ್ಟ್‌ನಲ್ಲಿ ಅದು 45 ನಿಮಿಷ. ಇದು ಚುರುಕಾಗಿ ನಡೆಯುವವರ ಲೆಕ್ಕ. ಅರವತ್ತು ದಾಟಿದವರಿಗೆ ಎರಡೂವರೆಯಿಂದ ನಾಲ್ಕು ಗಂಟೆಯ ಅಂತರ ಹಿತ. ಅದಕ್ಕಿಂತ ಕಡಿಮೆಯಾದರೆ ಆತಂಕ, ಬಹಳ ಹೆಚ್ಚಾದರೆ ದಣಿವು. ಎಂಟು ಗಂಟೆ ಮೀರಿದ ನಿಲುಗಡೆಗೆ ಕೆಲವು ಸಂಸ್ಥೆಗಳು ಷರತ್ತಿನ ಮೇಲೆ ಹೋಟೆಲ್ ಕೊಡುತ್ತವೆ. ಅದನ್ನು ಬುಕಿಂಗ್ ವೇಳೆಯೇ ಕೇಳಿಕೊಳ್ಳಬೇಕು.

ಮೂರನೆಯದು ಟ್ರಾನ್ಸಿಟ್ ವೀಸಾ. ನಿಲ್ದಾಣದಿಂದ ಹೊರಗೆ ಕಾಲಿಡದಿದ್ದರೂ ಭಾರತೀಯ ಪಾಸ್‌ಪೋರ್ಟ್‌ಗೆ ವೀಸಾ ಕೇಳುವ ದೇಶಗಳು ಯುರೋಪಿನಲ್ಲಿವೆ. ಅಮೆರಿಕದ ಚಾಲ್ತಿ ವೀಸಾ ಇದ್ದವರಿಗೆ ಹಲವು ಕಡೆ ವಿನಾಯಿತಿ ಉಂಟು. ತೊಂದರೆಗೆ ಸಿಲುಕುವವರು ಅಮೆರಿಕದಲ್ಲಿ ಉಳಿಯಲು ಅನುಮತಿ ಇದ್ದೂ ಪಾಸ್‌ಪೋರ್ಟ್‌ನಲ್ಲಿನ ವೀಸಾ ಮುದ್ರೆಯ ಅವಧಿ ಮುಗಿದಿರುವ ಉದ್ಯೋಗಿಗಳು. ನಿಯಮ ಆಗಾಗ ಬದಲಾಗುವುದರಿಂದ ಆಯಾ ದೇಶದ ಅಧಿಕೃತ ಮಾಹಿತಿಯನ್ನು ಟಿಕೆಟ್ ಕೊಳ್ಳುವ ಮೊದಲೇ ನೋಡಿಕೊಳ್ಳಬೇಕು.

ಊಟದ ಆಯ್ಕೆಯಲ್ಲೂ ಜಾಗ್ರತೆ ಬೇಕು. ಪಟ್ಟಿಯಲ್ಲಿರುವ 'ಹಿಂದೂ ಮೀಲ್' ಸಸ್ಯಾಹಾರ ಎಂದುಕೊಂಡವರ ತಟ್ಟೆಗೆ ಕೋಳಿ, ಕುರಿ ಮಾಂಸ ಬರಬಹುದು. ಸಸ್ಯಾಹಾರಿಗಳು 'ಏಷ್ಯನ್ ವೆಜಿಟೇರಿಯನ್ ಮೀಲ್' ಎಂಬುದನ್ನು ಕನಿಷ್ಠ ಒಂದು ದಿನ ಮೊದಲೇ, ಎರಡೂ ಹಾರಾಟಗಳಿಗೂ ನಮೂದಿಸಬೇಕು.

ಚೆಕ್-ಇನ್ ಕೌಂಟರ್‌ನಲ್ಲಿ ಪೆಟ್ಟಿಗೆಯ ಹಿಡಿಗೆ ಅಂಟಿಸುವ ಉದ್ದನೆಯ ಚೀಟಿಯನ್ನು ಓದುವುದಕ್ಕೆ ಅರ್ಧ ನಿಮಿಷ ಸಾಕು. ಅದರಲ್ಲಿ ದಪ್ಪಕ್ಷರದಲ್ಲಿ ಕಾಣುವುದು ಪೆಟ್ಟಿಗೆ ಕೊನೆಗೆ ಇಳಿಯುವ ಊರು. ಬೆಂಗಳೂರಾದರೆ ಅಲ್ಲಿ 'ಬಿಎಲ್‌ಆರ್' ಎಂಬ ಮೂರು ಇಂಗ್ಲಿಷ್ ಅಕ್ಷರಗಳಿರಬೇಕು. ನಡುವಿನ ಊರಿನ ಸಂಕೇತವೇ ದಪ್ಪಕ್ಷರದಲ್ಲಿದ್ದರೆ ಪೆಟ್ಟಿಗೆ ಅಲ್ಲೇ ಇಳಿದುಬಿಡುತ್ತದೆ. ಕೆಳಗೆ ಪಟ್ಟೆಪಟ್ಟೆ ಬಾರ್‌ಕೋಡ್, ಅದರ ಜತೆ ಹತ್ತು ಅಂಕಿಯ ಸಂಖ್ಯೆ. ಬೆಲ್ಟ್‌ಗಳು, ಗಾಡಿಗಳು, ವಿಮಾನದ ಹೊಟ್ಟೆ, ಎಲ್ಲ ಕಡೆಯೂ ಪೆಟ್ಟಿಗೆಯ ಗುರುತು ಆ ಸಂಖ್ಯೆಯೇ. ಅದರ ಸಣ್ಣ ತುಂಡನ್ನು ಬೋರ್ಡಿಂಗ್ ಪಾಸ್ ಹಿಂದೆ ಅಂಟಿಸಿ ಕೊಡುತ್ತಾರೆ. ಮನೆ ಸೇರುವವರೆಗೂ ಅದನ್ನು ಕಳೆಯಬಾರದು.

ಕಾಯುವ ಹೊತ್ತಿನಲ್ಲಿ ದೇಹ

ಹಾರುವ ವಿಮಾನದೊಳಗಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿನಷ್ಟಿರುತ್ತದೆ, ತೇವಾಂಶ ಬಹಳ ಕಡಿಮೆ. ಬಾಯಿ ಒಣಗುತ್ತದೆ, ಕಾಲು ಊದಿಕೊಳ್ಳುತ್ತದೆ. ನಾಲ್ಕು ಗಂಟೆಗಿಂತ ಹೆಚ್ಚು ಕುಳಿತೇ ಪ್ರಯಾಣ ಮಾಡಿದವರ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2007ರ ವರದಿ ಹೇಳಿತು. ಆಗಲೂ ಅದು ಸುಮಾರು ಆರು ಸಾವಿರ ಜನರಲ್ಲಿ ಒಬ್ಬರಿಗೆ ಎಂಬಷ್ಟು. ಆದ್ದರಿಂದ ನಿಲ್ದಾಣದಲ್ಲಿ ಸಿಗುವ ಗಂಟೆಗಳನ್ನು ಮತ್ತೆ ಕುರ್ಚಿಯಲ್ಲೇ ಕಳೆಯಬಾರದು. ನಡೆಯಬೇಕು, ನೀರು ಕುಡಿಯಬೇಕು, ಕಾಲು ಚಾಚಿ ಮಲಗುವ ಜಾಗವಿದ್ದರೆ ಒಂದಿಷ್ಟು ಹೊತ್ತು ಮಲಗಬೇಕು.

ಮಾತ್ರೆಗಳು ಕೈಚೀಲದಲ್ಲೇ ಇರಬೇಕು, ವೈದ್ಯರ ಚೀಟಿಯ ಸಮೇತ. ಬಿಪಿ, ಸಕ್ಕರೆ ಕಾಯಿಲೆಯವರು ಗಡಿಯಾರ ಬದಲಾದಾಗ ಮಾತ್ರೆ, ಇನ್ಸುಲಿನ್ ಹೊತ್ತನ್ನು ಹೇಗೆ ಹೊಂದಿಸಬೇಕೆಂದು ಹೊರಡುವ ಮುನ್ನವೇ ವೈದ್ಯರಲ್ಲಿ ಕೇಳಿಕೊಳ್ಳಬೇಕು. ಕೊಲ್ಲಿಯ ದಾರಿ ಹಿಡಿದವರು ನೆನಪಿಡಬೇಕಾದ ಇನ್ನೆರಡು ಸಂಗತಿಗಳಿವೆ: ಅರಬ್ ಸಂಯುಕ್ತ ಸಂಸ್ಥಾನದಲ್ಲಿ ಕೊಡೀನ್, ಟ್ರಮಡಾಲ್ ಇರುವ ನೋವಿನ ಮಾತ್ರೆಗಳಿಗೆ ಕಟ್ಟುನಿಟ್ಟಿದೆ, ನಮ್ಮ ಪಾಯಸದ ಗಸಗಸೆ ಅಲ್ಲಿ ನಿಷಿದ್ಧ ವಸ್ತು.

2006ರಲ್ಲಿ ಲಂಡನ್‌ನಲ್ಲಿ ದ್ರವ ಸ್ಫೋಟಕದ ಸಂಚು ಬಯಲಾದ ಮೇಲೆ ಕೈಚೀಲದಲ್ಲಿ 100 ಮಿ.ಲೀ.ಗಿಂತ ದೊಡ್ಡ ದ್ರವದ ಡಬ್ಬಿಗೆ ನಿರ್ಬಂಧ ಬಂತು. ಉಪ್ಪಿನಕಾಯಿ, ತುಪ್ಪ, ತೊಕ್ಕು ಎಲ್ಲವೂ ಈ ಲೆಕ್ಕಕ್ಕೆ ಸೇರುತ್ತವೆ. ನಡುವಿನ ನಿಲ್ದಾಣದಲ್ಲಿ ಬಹುಪಾಲು ಮತ್ತೊಮ್ಮೆ ತಪಾಸಣೆ ಇರುವುದರಿಂದ, ಮೊದಲ ನಿಲ್ದಾಣದ ಡ್ಯೂಟಿ ಫ್ರೀಯಲ್ಲಿ ಕೊಂಡ ಬಾಟಲಿಯ ಮೊಹರು ಮಾಡಿದ ಚೀಲವನ್ನು ಮನೆ ತಲುಪುವವರೆಗೆ ತೆರೆಯಬಾರದು.

ಮಗಳ ಊರಿನಲ್ಲಿ ಬೀಳ್ಕೊಟ್ಟ ಮೇಲೆ ಒಂಟಿಯಾಗುವ ತಾಯಿಗೆ ಗೇಟ್ ಸಂಖ್ಯೆ ಬದಲಾದ ಪ್ರಕಟಣೆ ಅರ್ಥವಾಗದಿರುವುದು ನಿಜವಾದ ಕಷ್ಟ. ಇದಕ್ಕಾಗಿಯೇ ಅನೇಕರು ವೀಲ್‌ಚೇರ್ ಸೇವೆ ಕೋರುತ್ತಾರೆ. ಟಿಕೆಟ್ ಜತೆಗೇ ಕೋರಿದರೆ ಸಿಬ್ಬಂದಿ ವಿಮಾನದ ಬಾಗಿಲಿಗೆ ಬಂದು, ತಪಾಸಣೆ ದಾಟಿಸಿ, ಮುಂದಿನ ಗೇಟಿನವರೆಗೆ ಕರೆದೊಯ್ಯುತ್ತಾರೆ. ನಡೆಯಲು ಕಷ್ಟವಿರುವ ಹಿರಿಯರು ಇದನ್ನು ಕೇಳಲು ಸಂಕೋಚ ಪಡಬೇಕಿಲ್ಲ. ನಡೆಯಬಲ್ಲವರಿಗೆ ಅದೇ ವಿಮಾನದಲ್ಲಿ ಬರುವ ಕನ್ನಡ ಕುಟುಂಬದ ಜತೆ ಹೊಂದಿಸಿಕೊಡುವ ರೂಢಿ ಅಮೆರಿಕದ ಕನ್ನಡ ಕೂಟಗಳ ಬಳಗಗಳಲ್ಲಿ ಇದೆ. ವಿಮಾನದ ಸಂಖ್ಯೆ, ನಡುವಿನ ಊರು, ಮಕ್ಕಳ ಫೋನ್ ನಂಬರ್, ಬೇಕಾದ ಸಹಾಯ ಇಷ್ಟನ್ನು ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಬರೆದ ಒಂದು ಕಾಗದ ಕೈಯಲ್ಲಿದ್ದರೆ ಯಾವ ಕೌಂಟರ್‌ನಲ್ಲಿ ತೋರಿಸಿದರೂ ಕೆಲಸ ನಡೆಯುತ್ತದೆ.

ವಿಮಾನ ತಪ್ಪಿದರೆ, ಪೆಟ್ಟಿಗೆ ಬಾರದಿದ್ದರೆ

ಯುರೋಪಿನ ಒಕ್ಕೂಟದ ನಿಲ್ದಾಣದಿಂದ ಹೊರಡುವ ದೂರದ ವಿಮಾನ, ಸಂಸ್ಥೆಯದೇ ಕಾರಣಕ್ಕೆ ಬಹಳ ತಡವಾಗಿ ತಲುಪಿದರೆ ಪ್ರಯಾಣಿಕರಿಗೆ 600 ಯೂರೊವರೆಗೆ ಪರಿಹಾರ ಕೊಡಬೇಕೆಂದು ಅಲ್ಲಿನ ಕಾನೂನಿದೆ. ಊಟ, ತಂಗುವ ವ್ಯವಸ್ಥೆ ಬೇರೆ. ಲಗೇಜ್ ವಿಷಯದಲ್ಲಿ ಭಾರತವೂ ಸೇರಿರುವ 1999ರ ಮಾಂಟ್ರಿಯಲ್ ಒಪ್ಪಂದ ಅನ್ವಯಿಸುತ್ತದೆ. ಪೆಟ್ಟಿಗೆ ಬಾರದಿದ್ದರೆ ನಿಲ್ದಾಣ ಬಿಡುವ ಮುನ್ನವೇ ಬೆಲ್ಟ್ ಬಳಿಯ ಕೌಂಟರ್‌ನಲ್ಲಿ ದೂರು ಬರೆಸಿ ಅದರ ಸಂಖ್ಯೆ ಪಡೆಯಬೇಕು. ಮುರಿದು ಬಂದಿದ್ದರೆ 7 ದಿನದೊಳಗೆ, ತಡವಾಗಿ ಬಂದಿದ್ದರೆ ಕೈಸೇರಿದ 21 ದಿನದೊಳಗೆ ಲಿಖಿತ ದೂರು ಕೊಡಬೇಕು. ಬೋರ್ಡಿಂಗ್ ಪಾಸ್ ಹಿಂದೆ ಅಂಟಿಸಿದ ಆ ತುಂಡು ಚೀಟಿ ಇಲ್ಲಿ ದಾಖಲೆಯಾಗುತ್ತದೆ.

ದೇವನಹಳ್ಳಿಯಿಂದ ಅರಿಶಿನಕುಂಟೆಗೆ

2023ರ ಸೆಪ್ಟೆಂಬರ್ 12ರಿಂದ ಬೆಂಗಳೂರಿನ ಅಂತರರಾಷ್ಟ್ರೀಯ ವಿಮಾನಗಳೆಲ್ಲ ಎರಡನೇ ಟರ್ಮಿನಲ್‌ಗೆ ಬರುತ್ತಿವೆ. ಬಿದಿರಿನ ಒಳಮಾಡು, ತೂಗುವ ಗಿಡಗಳ ಈ ಕಟ್ಟಡ ಉದ್ಘಾಟನೆಯಾದದ್ದು 2022ರ ನವೆಂಬರ್ 11ರಂದು. ಅದೇ ದಿನ 108 ಅಡಿಯ ಕೆಂಪೇಗೌಡರ ಪ್ರತಿಮೆಯೂ ಅನಾವರಣಗೊಂಡಿತು. ಆಗಾಗ ಓಡಾಡುವ ಭಾರತೀಯ ಪಾಸ್‌ಪೋರ್ಟ್‌ನವರಿಗೂ ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್‌ನವರಿಗೂ 2025ರ ಜನವರಿಯಿಂದ ಇಲ್ಲಿ ಇ-ಗೇಟ್‌ಗಳ ತ್ವರಿತ ಇಮಿಗ್ರೇಷನ್ ಸೌಲಭ್ಯವಿದೆ. ಮೊದಲೇ ಆನ್‌ಲೈನ್‌ನಲ್ಲಿ ನೋಂದಾಯಿಸಿ ಬೆರಳಚ್ಚು ಕೊಟ್ಟಿರಬೇಕು.

ನಿಲ್ದಾಣವಿರುವ ದೇವನಹಳ್ಳಿ, ಅರಿಶಿನಕುಂಟೆ ಎರಡೂ ಒಂದೇ ಜಿಲ್ಲೆಯಲ್ಲಿವೆ. ರಸ್ತೆಯಲ್ಲಿ ಸುಮಾರು 50 ಕಿ.ಮೀ. ದಾರಿ ಎರಡು. ಒಂದು, ದಕ್ಷಿಣಕ್ಕೆ ಹೆಬ್ಬಾಳಕ್ಕೆ ಇಳಿದು ರಿಂಗ್ ರಸ್ತೆಯಲ್ಲಿ ಗೊರಗುಂಟೆಪಾಳ್ಯ, ಅಲ್ಲಿಂದ ಪೀಣ್ಯ, ದಾಸರಹಳ್ಳಿ, ಮಾದಾವರ, ಮಾಕಳಿ ದಾಟುವ ತುಮಕೂರು ರಸ್ತೆ. ನಸುಕಿನಲ್ಲಿ ಇದು ಸಲೀಸು, ಬೆಳಗಿನ ಒಂಬತ್ತರ ಮೇಲೆ ಹೆಬ್ಬಾಳ, ಗೊರಗುಂಟೆಪಾಳ್ಯಗಳಲ್ಲಿ ಗಾಡಿ ಕದಲುವುದಿಲ್ಲ. ಇನ್ನೊಂದು, ನಗರದೊಳಗೆ ಹೋಗದೆ ದೊಡ್ಡಬಳ್ಳಾಪುರದ ಕಡೆಯಿಂದ ನೆಲಮಂಗಲಕ್ಕೆ ಬರುವ ದಾರಿ. ಹಗಲು ಇಳಿಯುವವರಿಗೆ ಇದು ನೆಮ್ಮದಿ. ಬಸ್ಸಿನಲ್ಲಿ ಬರುವವರು ಬಿಎಂಟಿಸಿಯ ವಾಯುವಜ್ರದಲ್ಲಿ ಮೆಜೆಸ್ಟಿಕ್‌ಗೆ ಬಂದು ಅಲ್ಲಿಂದ ನೆಲಮಂಗಲದ ಕಡೆಯ 258 ಸರಣಿಯ ಬಸ್ ಹಿಡಿಯಬಹುದು. ಹಸಿರು ಮೆಟ್ರೊ 2024ರ ನವೆಂಬರ್‌ನಿಂದ ಮಾದಾವರದವರೆಗೆ ಬಂದಿದೆ. ಆದರೆ ಎರಡು ದೊಡ್ಡ ಪೆಟ್ಟಿಗೆ, 30 ಗಂಟೆಯ ದಣಿವು ಇರುವಾಗ ಮನೆಯಿಂದ ಯಾರಾದರೂ ಕಾರು ತರುವುದೇ ಒಳ್ಳೆಯದು. ಬಂದಿಳಿದವರೇ ಆ ದಿನ ಸ್ಟಿಯರಿಂಗ್ ಹಿಡಿಯಬಾರದು.

ಮನೆ ಸೇರಿದ ಮೇಲೆ

ಭಾರತದ ಗಡಿಯಾರ ಕ್ಯಾಲಿಫೋರ್ನಿಯಾಕ್ಕಿಂತ ಬೇಸಿಗೆಯಲ್ಲಿ ಹನ್ನೆರಡೂವರೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಮುಂದು. ಹಗಲು ರಾತ್ರಿ ಅದಲುಬದಲು. ನಿದ್ದೆ, ಹಸಿವು, ಮೈಯ ಬಿಸಿ ಇವನ್ನೆಲ್ಲ ನಡೆಸುವ ಒಳಗಡಿಯಾರ ಮಿದುಳಿನಲ್ಲಿದೆ. ಜೀವಕೋಶಗಳ ಮಟ್ಟದಲ್ಲಿ ಅದು ಕೆಲಸ ಮಾಡುವ ಬಗೆಯನ್ನು ಬಿಡಿಸಿ ತೋರಿಸಿದ ಮೂವರು ವಿಜ್ಞಾನಿಗಳಿಗೆ 2017ರ ನೊಬೆಲ್ ಪ್ರಶಸ್ತಿ ಬಂತು. ಆ ಗಡಿಯಾರ ದಿನಕ್ಕೆ ಸುಮಾರು ಒಂದು ಗಂಟೆಯಷ್ಟೇ ಸರಿಯುತ್ತದೆ. ಅದಕ್ಕೇ ಮಧ್ಯಾಹ್ನ ಕಣ್ಣು ಎಳೆಯುತ್ತದೆ, ರಾತ್ರಿ ಎರಡಕ್ಕೆ ಎಚ್ಚರವಾಗಿ ಹಸಿವಾಗುತ್ತದೆ.

ಅದನ್ನು ಬೇಗ ಸರಿದಾರಿಗೆ ತರುವುದು ಬಿಸಿಲು. ಬಂದ ಮರುದಿನದಿಂದಲೇ ಹಗಲು ಹೊರಗೆ ಓಡಾಡುವುದು, ಮನೆಯವರು ಉಣ್ಣುವ ಹೊತ್ತಿಗೇ ಉಣ್ಣುವುದು, ಮಧ್ಯಾಹ್ನದ ನಿದ್ದೆಯನ್ನು ಅರ್ಧ ಗಂಟೆಗೆ ನಿಲ್ಲಿಸುವುದು, ರಾತ್ರಿ ಎಚ್ಚರವಾದರೂ ಮೊಬೈಲ್ ಬೆಳಕಿಗೆ ಕಣ್ಣು ಕೊಡದಿರುವುದು, ಇವಿಷ್ಟೂ ನೆರವಾಗುತ್ತವೆ. ಹೆಚ್ಚಿನವರು ಒಂದೆರಡು ವಾರದಲ್ಲಿ ಪೂರ್ತಿ ಹೊಂದಿಕೊಳ್ಳುತ್ತಾರೆ. ಮದುವೆಗೋ ಗೃಹಪ್ರವೇಶಕ್ಕೋ ಬರುವವರು ಮುಹೂರ್ತಕ್ಕೆ ಮೂರು ನಾಲ್ಕು ದಿನ ಮೊದಲೇ ಇಳಿಯುವಂತೆ ಟಿಕೆಟ್ ಮಾಡಿಸಿದರೆ, ನಡುವೆ ಒಂದು ವಿಮಾನ ತಪ್ಪಿದರೂ ಕಾರ್ಯ ತಪ್ಪುವುದಿಲ್ಲ.